ಎರಡನೇ ದಿನದ ಸಭೆ

ನಮ್ಮ ಊರಿನಲ್ಲಿ ಇವತ್ತು ಆಡಿದ ಮಾತು ನಾಳೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇನ್ನೊಮ್ಮೆ ಕೇಳಿಸುತ್ತದೆ. ಮಾತು ಮಾತ್ರವಲ್ಲ, ಕೆಮ್ಮು, ಒಗ್ಗರಣೆ, ಸಿಟ್ಟಿನಲ್ಲಿ ಬಡಿದ ಬಾಗಿಲು, ಎಲ್ಲವೂ ಹಾಗೆಯೇ. ಒಂದು ಸಲ ಮರಳಿ ಬಂದದ್ದು ಮತ್ತೆ ಬರುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ನಮ್ಮಲ್ಲಿ ಮೊದಲು ಹೇಳಿಕೊಡುವುದು ಅಡುಗೆಮನೆಯ ಡಬ್ಬಿಗಳ ಜಾಗವನ್ನಲ್ಲ, ಯಾರನ್ನಾದರೂ ಬೈಯಬೇಕೆನಿಸಿದರೆ ಎಲ್ಲಿಗೆ ಹೋಗಬೇಕು ಎಂಬುದನ್ನು. ಕೆರೆ ಏರಿಯ ಆಚೆ ಊರಿನ ಗಡಿ ಮುಗಿಯುತ್ತದೆ. ಅಲ್ಲಿ ಆಡಿದ ಮಾತು ಅಲ್ಲೇ ಸಾಯುತ್ತದೆ. ಆ ಬಯಲಿಗೆ ಜಗಳದ ಬಯಲು ಎಂದೇ ಹೆಸರು. ಸಂಜೆ ಹೊತ್ತಿಗೆ ಗಂಡ ಹೆಂಡತಿ ಜೋಡಿಯಾಗಿ ಅತ್ತ ಹೊರಟರೆ ನಾವು ಯಾರೂ ಮಾತಾಡಿಸುವುದಿಲ್ಲ.

ನಾನು ಈ ಊರಿನ ‘ಮರುದಿನ’ ಪತ್ರಿಕೆಯ ವರದಿಗಾರ. ನಮ್ಮ ಪತ್ರಿಕೆಯಲ್ಲಿ ಬರುವುದು ಮೊನ್ನೆಯ ಸುದ್ದಿ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ಒಂದು ಮಾತನ್ನು ಒಮ್ಮೆ ಕೇಳಿ, ಮರುದಿನ ಅಲ್ಲೇ ಹೋಗಿ ನಿಂತು ಇನ್ನೊಮ್ಮೆ ಕೇಳಿ, ಆಮೇಲೆ ಬರೆಯುವುದು ನಮ್ಮ ಪದ್ಧತಿ. ತಿದ್ದುಪಡಿ ಎಂಬ ಶೀರ್ಷಿಕೆ ನಮ್ಮ ಪತ್ರಿಕೆಯಲ್ಲಿ ಈವರೆಗೆ ಬಂದಿಲ್ಲ. ಕೆಳಗೆ ಬರೆದಿರುವುದನ್ನೂ ನಾನು ಹಾಗೆ ಎರಡು ಸಲ ಕೇಳಿದ್ದೇನೆ. ಒಂದೇ ಸಲ ಕೇಳಿದ್ದು ಇದ್ದರೆ ಅಲ್ಲಲ್ಲಿಯೇ ಹೇಳುತ್ತೇನೆ.

ಸಂಗೀತೋದ್ಯಮ ಸಮ್ಮೇಳನ ಎಂದರೆ ಒಂದು ಕಾಲಕ್ಕೆ ನಮ್ಮ ಊರೇ. ಕ್ಯಾಸೆಟ್ ಕಂಪನಿಯವರು, ಹಾರ್ಮೋನಿಯಂ ಮಾಡುವವರು, ತಬಲಾಕ್ಕೆ ಚರ್ಮ ಕಟ್ಟುವವರು, ನಾಟಕ ಕಂಪನಿಯ ಮಾಲೀಕರು, ಸಿನಿಮಾದ ಏಜೆಂಟರು, ಎಲ್ಲರೂ ವರ್ಷಕ್ಕೊಮ್ಮೆ ಇಲ್ಲಿಗೆ ಬರುತ್ತಿದ್ದರು. ಕಾರಣ ಸರಳ. ಮೊದಲ ದಿನ ಪುರಸಭೆಯ ಸಭಾಂಗಣದಲ್ಲಿ ಹಾಡುವವರು ಹಾಡುತ್ತಿದ್ದರು. ಎರಡನೇ ದಿನ ವೇದಿಕೆ ಖಾಲಿ. ಅದೇ ಹೊತ್ತಿಗೆ ಎಲ್ಲರೂ ಬಂದು ಕುರ್ಚಿಯಲ್ಲಿ ಕುಳಿತು, ಆ ಖಾಲಿ ವೇದಿಕೆಯಿಂದ ನಿನ್ನೆಯ ಹಾಡನ್ನು ಕೇಳುತ್ತಿದ್ದರು. ಹಾಡಿದವರೂ ಕೆಳಗೆ ಬಂದು, ಕೇಳುವವರ ನಡುವೆ ಕುಳಿತು, ತಮ್ಮನ್ನು ತಾವೇ ಕೇಳುತ್ತಿದ್ದರು. ಹಾಡು ಮುಗಿದ ಮೇಲೆ ಸಮಿತಿಯ ಕಾರ್ಯದರ್ಶಿ ಎದ್ದು, ‘ಇದು ನಿಮ್ಮದೇನಾ?’ ಎಂದು ಹಾಡಿದವರನ್ನು ಕೇಳಬೇಕು. ಅವರು ಹೌದು ಎಂದರೆ ಮಾತ್ರ ಕಂಪನಿಯವರು ಅದನ್ನು ಕೊಳ್ಳಬಹುದು. ಅಲ್ಲ ಎಂದರೆ ಯಾರೂ ಮುಟ್ಟುವಂತಿಲ್ಲ. ಅಲ್ಲ ಎಂದವರು ನಮ್ಮಲ್ಲಿ ಬಹಳ ಮಂದಿ. ಅವರ ಹೆಸರುಗಳನ್ನು ಊರಿನವರು ಈಗಲೂ ಗೌರವದಿಂದ ಹೇಳುತ್ತಾರೆ.

ಮೊದಲ ದಿನ ಸಭಾಂಗಣದಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಭಲೆ ಎನ್ನುವುದಿಲ್ಲ, ತಲೆದೂಗಿದರೂ ಓಲೆ ಅಲುಗದ ಹಾಗೆ ತೂಗುತ್ತಾರೆ. ಅಂದು ಮಾಡಿದ ಸದ್ದು ಮರುದಿನ ಹಾಡಿನ ಜೊತೆಗೇ ಬರುತ್ತದಲ್ಲ! ಎರಡನೇ ದಿನವನ್ನು ಹಾಳು ಮಾಡುವುದು ನಮ್ಮಲ್ಲಿ ಬೆಳೆದ ಪೈರಿಗೆ ದನ ಬಿಟ್ಟಷ್ಟು ದೊಡ್ಡ ತಪ್ಪು.

ಸಮ್ಮೇಳನದ ಕಾರ್ಯದರ್ಶಿ ದಾಕ್ಷಾಯಣಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು, ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಅವರು ಹಾಡುವುದಿಲ್ಲ. ಆದರೆ ಎರಡು ಊರುಗಳ ನಡುವೆ ತಂತಿ ಜೋಡಿಸಿ, ‘ಮಾತಾಡಿ’ ಎಂದು ಹೇಳಿ, ತಾವು ಹಿಂದೆ ಸರಿದು ನಿಲ್ಲುವುದು ಗೊತ್ತಿದ್ದವರು. ಸಮ್ಮೇಳನವನ್ನೂ ಹಾಗೆಯೇ ನಡೆಸುತ್ತಿದ್ದರು.

ಕಂಪನಿಯವರು ಕಡಿಮೆಯಾದದ್ದು ಒಂದೇ ಸಲಕ್ಕಲ್ಲ. ಮೊದಲು ಮಾಲೀಕರು ಬರುವುದನ್ನು ಬಿಟ್ಟು ಮ್ಯಾನೇಜರನ್ನು ಕಳಿಸಿದರು. ಮ್ಯಾನೇಜರುಗಳು ಮೊದಲ ದಿನವೇ ಫೋನಿನಲ್ಲಿ ಹಾಡು ಹಿಡಿದುಕೊಂಡು ಸಂಜೆ ಬಸ್ಸಿಗೆ ಹೊರಡತೊಡಗಿದರು. ಇನ್ನೊಮ್ಮೆ ಕೇಳಲು ಅವರಿಗೆ ನಮ್ಮ ಊರು ಬೇಕಿರಲಿಲ್ಲ. ಮರಳಿ ಬರುವ ದನಿ ಯಾವ ಯಂತ್ರಕ್ಕೂ ಸಿಗುವುದಿಲ್ಲ, ಹಾಗಾಗಿ ಎರಡನೇ ದಿನ ಅವರಿಗೆ ದಂಡವೆನಿಸಿತು. ಆಮೇಲೆ ಭಾಷಣ ಮಾಡುವವರಷ್ಟೇ ಬಂದರು. ‘ಸಂಗೀತೋದ್ಯಮದ ನಾಳೆ’ ಎಂಬ ಗೋಷ್ಠಿ ಪ್ರತಿ ವರ್ಷ ಇರುತ್ತಿತ್ತು. ಆ ಭಾಷಣಗಳು ಮರುದಿನ ಖಾಲಿ ಕುರ್ಚಿಗಳ ಮುಂದೆ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ಕೇಳಲು ನಾನೊಬ್ಬ ಇರುತ್ತಿದ್ದೆ, ಅದೂ ವರದಿಗಾಗಿ. ಕೊನೆಕೊನೆಗೆ ಹಾರ್ಮೋನಿಯಂ ಮಳಿಗೆಗಳಿದ್ದ ಪಡಸಾಲೆಯಲ್ಲಿ ಒಬ್ಬ ಮೊಬೈಲ್ ಕವರು ಮಾರುವವನು ಕುಳಿತಿದ್ದ. ದಾಕ್ಷಾಯಣಕ್ಕ ಒಂದು ದೊಡ್ಡ ಕಂಪನಿಗೆ ಫೋನು ಮಾಡಿದಾಗ ನಾನು ಎದುರಿಗಿದ್ದೆ. ಆ ಕಡೆಯ ಹುಡುಗಿ, “ಹಾಡಿದ್ರೆ ವಾಟ್ಸಾಪ್ ಮಾಡಿಬಿಡಿ ಮೇಡಂ, ಬರೋದೆಲ್ಲಾ ಈಗ ಯಾರೂ ಇಟ್ಕೊಂಡಿಲ್ಲ” ಎಂದಳು. ಅಕ್ಕ ಫೋನಿಟ್ಟು, “ಬರೋದನ್ನೇ ಇಟ್ಕೊಂಡಿಲ್ವಂತೆ” ಎಂದು ನನ್ನತ್ತ ನೋಡಿದರು.

ಕೊನೆಗೆ ಒಂದು ವರ್ಷ ಪುರಸಭೆ ಅಧ್ಯಕ್ಷ ಮುರಿಗೆಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು. ಸಭಾಂಗಣವನ್ನು ಮದುವೆ ಛತ್ರ ಮಾಡಲು ಒಬ್ಬ ಗುತ್ತಿಗೆದಾರ ಸಿದ್ಧನಿದ್ದಾನೆ. ಈ ಸಲ ಒಂದೇ ಒಂದು ಕಂಪನಿ ಒಂದೇ ಒಂದು ಹಾಡು ತೆಗೆದುಕೊಂಡರೂ ಸಭಾಂಗಣ ಸಮ್ಮೇಳನಕ್ಕೇ ಉಳಿಯುತ್ತದೆ, ಇಲ್ಲವಾದರೆ ಎರಡನೇ ದಿನವೇ ಕೀಲಿ ಕೊಡಬೇಕು. ಮುರಿಗೆಪ್ಪ ಕೆಟ್ಟವರಲ್ಲ. “ಅಕ್ಕಾ, ನಾನೂ ಅಲ್ಲೇ ಕೂತು ಬೆಳೆದೋನು. ಆದ್ರೆ ಉದ್ಯಮ ಸಮ್ಮೇಳನ ಅಂತ ಬೋರ್ಡ್ ಹಾಕ್ತೀರಿ, ಉದ್ಯಮ ಎಲ್ಲೈತೆ ತೋರ್ಸಿ” ಎಂದರು. ಅಕ್ಕ ಅಂದೇ ಫೋನು ಮಾಡಲು ಕುಳಿತರು.

ಎಲ್ಲರಿಗೂ ಫೋನು ಮಾಡಿದ ಮೇಲೆ ಒಬ್ಬರು ಬರಲು ಒಪ್ಪಿದರು. ಪ್ರಮೋದ್ ಕಾಮತ್ ಎಂದು, ನಗರದ ಒಂದು ಕಂಪನಿಯ ಪ್ರತಿನಿಧಿ. ಹಿಂದಿನ ವರ್ಷ ಬಂದಿದ್ದ ಇನ್ನೊಬ್ಬರು ತಮ್ಮ ಉದ್ಯಮದ ಮಾಸಪತ್ರಿಕೆಯಲ್ಲಿ, ‘ಆ ಊರಿನ ಸಭಿಕರು ಸತ್ತವರಂತೆ ಕೂರುತ್ತಾರೆ, ಒಂದು ಚಪ್ಪಾಳೆಯೂ ಇಲ್ಲ, ಇಂಥ ಕಡೆ ಮಾರುಕಟ್ಟೆ ಎಲ್ಲಿಂದ ಬರಬೇಕು’ ಎಂದು ಬರೆದಿದ್ದರು. ಆ ಮಾತು ಅಕ್ಕನಿಗೆ ಮುಳ್ಳಿನಂತೆ ಚುಚ್ಚಿಕೊಂಡಿತ್ತು. ಈ ಸಲ ಚಪ್ಪಾಳೆ ತಟ್ಟೋಣ ಎಂದು ಅವರು ಸಮಿತಿಯಲ್ಲಿ ಹೇಳಿದಾಗ ಸದಸ್ಯರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. ಹೇಳಿದವರು ದಾಕ್ಷಾಯಣಕ್ಕ, ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದರು.

ಚಪ್ಪಾಳೆಯ ಅಭ್ಯಾಸ ನಡೆದದ್ದು ಜಗಳದ ಬಯಲಿನಲ್ಲಿ. ಅಲ್ಲಿನದನ್ನು ನಾನು ಒಂದೇ ಸಲ ಕೇಳಿದ್ದು. ನಮ್ಮವರಿಗೆ ಗುಂಪಿನಲ್ಲಿ ಚಪ್ಪಾಳೆ ತಟ್ಟಿ ಗೊತ್ತಿರಲಿಲ್ಲ. ಕೆಲವರು ಭಜನೆಯ ತಾಳ ಹಾಕಿದರು. ಕೆಲವರು ಒಂದೇ ಏಟು ಹೊಡೆದು, ಸೊಳ್ಳೆ ಸತ್ತಿತೇ ಎಂಬಂತೆ ಅಂಗೈ ನೋಡಿಕೊಂಡರು. “ಎಷ್ಟು ಹೊತ್ತು ತಟ್ಟೋದಕ್ಕಾ?” ಎಂದು ಆಟೋ ಓಡಿಸುವ ಇಮಾಮ್‌ಸಾಬ ಕೇಳಿದ. “ನಾನು ತಟ್ಟೋವರೆಗೂ. ನನ್ನ ಕೈ ನೋಡ್ರಿ, ನಾನು ಶುರು ಮಾಡಿದ್ರೆ ಶುರು, ನಿಲ್ಸಿದ್ರೆ ನಿಲ್ಸಿ” ಎಂದರು ಅಕ್ಕ. ಅತ್ತ ಬೇವಿನ ಮರದ ಕೆಳಗೆ ಒಂದು ಜೋಡಿ ತಮ್ಮ ಜಗಳಕ್ಕೆ ಜಾಗ ಸಿಗದೆ ಕಾದು ನಿಂತಿತ್ತು. “ಬೇಗ ಮುಗಿಸ್ರವ್ವ, ನನ್ ಸಿಟ್ಟೆಲ್ಲಾ ಇಳ್ದು ಹೋಗ್ತಾ ಐತೆ” ಎಂದು ಆ ಹೆಂಗಸು ಕೂಗಿದಳು.

ಅಭ್ಯಾಸಕ್ಕೆ ಶಾಂಭವಿ ಬಂದಿರಲಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ಈಕೆಯೇ ಆ ವರ್ಷ ಹಾಡಬೇಕಿದ್ದವಳು. ಹಿಂದೆ ಎರಡು ಬಾರಿ ವೇದಿಕೆ ಹತ್ತಿ, ಎರಡು ಬಾರಿಯೂ ಮರುದಿನ ‘ನಂದಲ್ಲ’ ಎಂದವಳು. ಈ ಸಲ ಅವಳು ಆರಿಸಿಕೊಂಡದ್ದು ಬಾವಿ ತೋಡುವವರ ಹಾಡು. ಅದು ನಮ್ಮ ಊರಿನದೇ. ಅಗೆಯುವವರು ಆಳಕ್ಕೆ ಇಳಿಯುತ್ತಾ ಇಳಿಯುತ್ತಾ ಹಾಡಿಕೊಳ್ಳುವುದು. ನಡುವೆ ಗುದ್ದಲಿ ಬಂಡೆಗೆ ತಾಗುತ್ತದೆ, ಹಾಡು ನಿಲ್ಲುತ್ತದೆ. ಕೆಳಗೆ ನೀರಿನ ಸದ್ದು ಇದೆಯೇ ಎಂದು ಕಿವಿಗೊಡುವ ಹೊತ್ತು ಅದು. ಆ ನಿಲುಗಡೆ ದೀರ್ಘ. ಅದನ್ನು ಹಾಡುವವರು ಎಣಿಸುವುದಿಲ್ಲ, ಕೇಳುತ್ತಾರೆ. ಕೇಳಿದ್ದರ ಮೇಲೆ ಮುಂದಿನ ಸಾಲಿನ ದನಿ ಏರುವುದೋ ಇಳಿಯುವುದೋ ತೀರ್ಮಾನವಾಗುತ್ತದೆ. ಚಪ್ಪಾಳೆಯ ವಿಷಯ ಕೇಳಿ ಅವಳು ಅಕ್ಕನಿಗೆ ಹೇಳಿದ್ದು ಇಷ್ಟೇ: “ಮುಗಿದ ಮೇಲೆ ಏನಾದ್ರೂ ಮಾಡ್ಕೊಳ್ರಿ. ನಡುವೆ ಬೇಡ.” “ನಡುವೆ ಯಾರಾದ್ರೂ ತಟ್ತಾರೇನೇ?” ಎಂದರು ಅಕ್ಕ.

ಮೊದಲ ದಿನ ಸಭಾಂಗಣ ತುಂಬಿತ್ತು. ಪ್ರಮೋದ್ ಕಾಮತ್ ಮುಂದಿನ ಸಾಲಿನಲ್ಲಿ ಕುಳಿತು ಫೋನನ್ನು ಒಂದು ಸಣ್ಣ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಂಡಿದ್ದರು. ಶಾಂಭವಿ ಹಾಡಿದಳು. ನಾನು ಸಂಗೀತ ವಿಮರ್ಶಕನಲ್ಲ, ಆದರೆ ಅಷ್ಟೊಂದು ವರ್ಷ ಆ ಕುರ್ಚಿಗಳಲ್ಲಿ ಕುಳಿತವನಾಗಿ ಹೇಳಬಲ್ಲೆ, ಅಂಥ ಮೊದಲರ್ಧವನ್ನು ನಾನು ಕೇಳಿರಲಿಲ್ಲ. ದನಿ ಒಂದೊಂದೇ ಮೆಟ್ಟಿಲು ಇಳಿದು, ಬಂಡೆಗೆ ತಾಗಿ, ನಿಂತಿತು. ಸಭೆ ಉಸಿರು ಹಿಡಿಯಿತು. ಆಗ ಕಾಮತ್ ಹಾಡು ಮುಗಿಯಿತೆಂದುಕೊಂಡು ಫೋನು ತೆಗೆಯಲು ಕೈಚಾಚಿದರು, ಇನ್ನೊಂದು ಕೈಯಿಂದ ಚೀಲ ಎತ್ತಿಕೊಂಡರು. ಅಕ್ಕ ಅವರ ಪಕ್ಕದಲ್ಲೇ ಇದ್ದರು. ಅವರ ಕಣ್ಣಿಗೆ ಕಂಡದ್ದು ಆ ಚೀಲ. ಅದು ಬಾಗಿಲಾಚೆ ಹೋದರೆ ಸಭಾಂಗಣವೂ ಹೋಗುತ್ತದೆ. ಕಾಮತರನ್ನು ನಿಲ್ಲಿಸಿಕೊಳ್ಳಲು ಅಕ್ಕನ ಕೈಗಳು ತಾವಾಗಿಯೇ ಮೇಲೆದ್ದವು.

ಅಕ್ಕ ತಟ್ಟಿದರು. ಅವರ ಕೈಯನ್ನೇ ನೋಡುತ್ತಿದ್ದ ಊರು ತಟ್ಟಿತು. ಅದು ನಡುವೆ ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು, ಆ ಹಾಡು ಕೇಳಿಕೊಂಡೇ ಹುಟ್ಟಿದವರು ಅವರು. ಆದರೂ ಅಕ್ಕ ತಟ್ಟಿದ ಮೇಲೆ ಏನೋ ಕಾರಣವಿರಬೇಕು ಎಂದುಕೊಂಡರು. ಕಾಮತ್ ಖುಷಿಯಾಗಿ ಚೀಲ ಕೆಳಗಿಟ್ಟರು. ವೇದಿಕೆಯ ಮೇಲೆ ಶಾಂಭವಿ ಒಮ್ಮೆ ಅಕ್ಕನತ್ತ ನೋಡಿ, ಚಪ್ಪಾಳೆ ನಿಲ್ಲುವ ಮೊದಲೇ ಮುಂದಿನ ಸಾಲು ಎತ್ತಿಕೊಂಡಳು.

ಎರಡನೇ ದಿನ ಕಾಮತ್ ಉಳಿದರು. ಹಾಡು ಅವರಿಗೆ ಬೇಕಾಗಿತ್ತು, ಶಾಂಭವಿಯ ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳಬಾರದು ಎಂಬ ಮರ್ಯಾದೆಯೂ ಇತ್ತು. ಖಾಲಿ ವೇದಿಕೆಯಿಂದ ಹಾಡು ಬಂದಾಗ ಅವರು ಬೆಚ್ಚಿ ಫೋನು ಹಿಡಿದು ನೋಡಿದರು. ಅದರಲ್ಲಿ ಸಿಕ್ಕಿದ್ದು ಫ್ಯಾನಿನ ಸದ್ದು ಮಾತ್ರ. ದನಿ ಇಳಿಯಿತು, ಬಂಡೆಗೆ ತಾಗಿತು. ಆಮೇಲೆ ಒಂದು ಜೊತೆ ಕೈಗಳ ಚಪ್ಪಾಳೆ ಕೇಳಿಸಿತು. ಅದು ಯಾರದೆಂದು ಇಡೀ ಸಭೆಗೆ ಗೊತ್ತಿತ್ತು. ಹಿಂದೆಯೇ ಊರಿನ ಚಪ್ಪಾಳೆ ಗೋಡೆ ಕುಸಿದ ಹಾಗೆ ಬಿತ್ತು. ಅದರಡಿಯಿಂದ ಶಾಂಭವಿಯ ದನಿ ಅವಸರವಾಗಿ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಎದ್ದು ಬಂತು. ದಾಕ್ಷಾಯಣಕ್ಕ ತಲೆ ಎತ್ತಿಯೇ ಕುಳಿತು ಕೊನೆಯವರೆಗೂ ಕೇಳಿದರು.

ಹಾಡು ಮುಗಿದಾಗ ಪ್ರಶ್ನೆ ಕೇಳಬೇಕಾದವರು ಅವರೇ. ಕಾಮತ್ ಅವರತ್ತ ಬಾಗಿ, “ಅಮ್ಮಾ, ಅವರು ಹೂಂ ಅಂದ್ರೆ ಸಾಕು. ಮುಂದಿನ ವರ್ಷವೂ ನಮ್ಮ ಕಂಪನಿ ಬರುತ್ತೆ, ಇನ್ನೂ ನಾಲ್ಕು ಜನರನ್ನು ನಾನೇ ಕರೆತರ್ತೀನಿ” ಎಂದರು. ಮುರಿಗೆಪ್ಪ ಹಿಂದಿನ ಸಾಲಿನಿಂದ, “ಒಂದ್ ಮಾತು ಹೇಳಕ್ಕಾ ಅವಳಿಗೆ. ಊರ ಮರ್ಯಾದೆ ಅಂತ ಹೇಳು. ನಿನ್ ಮಾತು ತೆಗೆದುಹಾಕಲ್ಲ ಅವಳು” ಎಂದರು. ಅದು ನಿಜವಾಗಿತ್ತು. ಶಾಂಭವಿ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಹೇಳಿದ್ದರೆ ಹೂಂ ಎನ್ನುತ್ತಿದ್ದಳೆಂದು ಆಮೇಲೆ ನನಗೆ ಅವಳೇ ಹೇಳಿದಳು.

ಅಕ್ಕ ಎದ್ದು ನಿಂತರು. ಒಂದು ಮಾತೂ ಸೇರಿಸದೆ, ಪ್ರತಿ ವರ್ಷ ಕೇಳುವ ದನಿಯಲ್ಲೇ, “ಶಾಂಭವಿ, ಇದು ನಿಂದೇನಾ?” ಎಂದು ಕೇಳಿದರು.

“ಅಲ್ಲಕ್ಕಾ.”

“ಸರಿ” ಎಂದರು ಅಕ್ಕ.

ಕಾಮತ್ ಎದ್ದರು. “ಅಯ್ಯೋ, ಚಪ್ಪಾಳೆ ತಾನೇ? ಸ್ಟುಡಿಯೋದಲ್ಲಿ ಒಂದು ನಿಮಿಷದಲ್ಲಿ ತೆಗೆದುಹಾಕ್ತೀವಿ. ಗೊತ್ತೇ ಆಗಲ್ಲ.”

“ತೆಗೆದ ಮೇಲೆ ಆ ಜಾಗದಲ್ಲಿ ಏನಿರುತ್ತೆ ಸ್ವಾಮಿ?” ಎಂದರು ಅಕ್ಕ.

“ಏನೂ ಇರಲ್ಲ. ಕ್ಲೀನಾಗಿರುತ್ತೆ.”

“ಅಲ್ಲಿ ಏನೂ ಇಲ್ದೇ ಇರಬಾರದು. ಅವಳು ಅಲ್ಲಿ ನೀರು ಕೇಳಬೇಕಿತ್ತು. ನಾನು ಕೇಳೋಕೆ ಬಿಡಲಿಲ್ಲ.” ಅಕ್ಕ ಪಡಸಾಲೆಯ ಕಡೆ ಕೈ ತೋರಿಸಿದರು. “ನೀವು ದೂರದಿಂದ ಬಂದಿದ್ದೀರಿ, ಊಟ ಮಾಡ್ಕೊಂಡು ಹೋಗಿ. ಹಾಡು ಮಾತ್ರ ಅಳಿಸಿಬಿಡಿ.”

ಕಾಮತ್ ನಮ್ಮೆದುರೇ ಅಳಿಸಿದರು. “ಒಂದು ಮಾತು ಹೇಳ್ತೀನಿ ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಊರೂರು ತಿರುಗೋ ವಿಭಾಗವನ್ನೇ ಈ ತಿಂಗಳು ಮುಚ್ತಾ ಇದ್ದಾರೆ. ಒಂದು ಹಾಡು ಸಿಕ್ಕಿದ್ದಿದ್ರೆ ತೋರಿಸಿ ನನ್ನ ಕೆಲಸ ಉಳಿಸ್ಕೊಳ್ಳೋಣ ಅಂತ ಬಂದೆ. ಇನ್ನು ಇಲ್ಲಿಗೆ ಯಾರೂ ಬರಲ್ಲ.” “ನೀವು ಬನ್ನಿ, ಕೇಳೋಕೆ” ಎಂದರು ಅಕ್ಕ.

ಮುರಿಗೆಪ್ಪ ಮುಂದೆ ಬಂದು ಕೈ ಚಾಚಿದರು. “ಕೀಲಿ ಕೊಡಕ್ಕಾ. ಮಾತು ಅಂದ್ರೆ ಮಾತು.” ಅಕ್ಕ ಸೊಂಟದಿಂದ ಗೊಂಚಲು ಬಿಚ್ಚಿ ಕೊಟ್ಟರು. ಕೊಟ್ಟು, “ಇವತ್ತು ಬೆಳಕಿರೋವರೆಗೂ ಸಭಾಂಗಣ ನಮ್ಮದೇ ಅಲ್ವಾ?” ಎಂದರು. ಮುರಿಗೆಪ್ಪ ಹೌದೆಂದರು. ಅಕ್ಕ ಶಾಂಭವಿಯ ಕಡೆ ತಿರುಗಿದರು. “ಕೊಳ್ಳೋರು ಯಾರೂ ಇಲ್ಲ. ಹಾಡ್ತೀಯೇನೇ?”

ಶಾಂಭವಿ ವೇದಿಕೆ ಹತ್ತಿದಳು. ಉದ್ಯಮ ಎಂದು ಬರೆದಿದ್ದ ಬಟ್ಟೆಯ ಬೋರ್ಡು ಅವಳ ಹಿಂದೆ ಹಾಗೇ ತೂಗುತ್ತಿತ್ತು, ಅದನ್ನು ಯಾರೂ ಗಮನಿಸಲಿಲ್ಲ. ಹಾಡು ಇಳಿದು ಬಂಡೆಗೆ ತಾಗಿದಾಗ ದಾಕ್ಷಾಯಣಕ್ಕ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದರು. ಕಾಮತ್ ತಮ್ಮ ಫೋನನ್ನು ಬಂದ್ ಮಾಡಿ ಜೇಬಿನಲ್ಲಿಟ್ಟು, ಈ ಸಲ ಮುಗಿಯಿತೆಂದುಕೊಳ್ಳದೆ ಕಾದರು. ನಿಲುಗಡೆ ಎಷ್ಟು ಹೊತ್ತಿತ್ತೋ ಹೇಳಲಾರೆ, ನಾನು ಗಡಿಯಾರ ನೋಡಲಿಲ್ಲ. ಕೊನೆಗೆ ಅವಳಿಗೆ ಏನೋ ಕೇಳಿಸಿತು. ದನಿ ಏರಿತು.

ಮೂರನೇ ದಿನ ಸಭಾಂಗಣಕ್ಕೆ ಗುತ್ತಿಗೆದಾರನ ಜನ ಬಂದಿದ್ದರು. ನಾವು ರಸ್ತೆಯಲ್ಲಿ ನಿಂತೆವು. ಒಳಗೆ ಹೋಗುವ ಹಕ್ಕು ನಮಗಿರಲಿಲ್ಲ, ಯಾರೂ ಕೇಳಲೂ ಇಲ್ಲ. ಊರಿಗೆ ಊರೇ ಮುಚ್ಚಿದ ಬಾಗಿಲ ಮುಂದೆ ನೆರೆದಿತ್ತು. ಶಾಲೆಗೆ ಊಟದ ಬಿಡುವು ಬೇಗ ಕೊಟ್ಟಿದ್ದರು. ಮೊದಲು ಬಂದದ್ದು ಹಿಂದಿನ ದಿನದ ಮಾತುಗಳು. “ಕೀಲಿ ಕೊಡಕ್ಕಾ” ಎಂದು ಒಳಗಿನಿಂದ ಮುರಿಗೆಪ್ಪನ ದನಿ ಕೇಳಿದಾಗ, ರಸ್ತೆಯಲ್ಲಿ ನಮ್ಮ ನಡುವೆ ನಿಂತಿದ್ದ ಮುರಿಗೆಪ್ಪ ತಮ್ಮ ಚಪ್ಪಲಿ ನೋಡಿಕೊಂಡರು. ಯಾರೋ ಅವರ ಬೆನ್ನು ತಟ್ಟಿದರು, ಮೆಲ್ಲಗೆ.

ಆಮೇಲೆ ಹಾಡು ಬಂತು. ಒಳಗೆ ಕುರ್ಚಿ ಎಳೆಯುತ್ತಿದ್ದ ಸದ್ದು ಮೊದಲ ಸಾಲಿಗೇ ನಿಂತಿತು. ಗುತ್ತಿಗೆದಾರನ ಜನ ಹೊರಗಿನವರು, ಅವರಿಗೆ ನಮ್ಮ ಪದ್ಧತಿ ಯಾರೂ ಹೇಳಿರಲಿಲ್ಲ. ಒಬ್ಬ ಮೆಲ್ಲನೆ ಬಾಗಿಲು ತೆರೆದು, ನಮ್ಮನ್ನು ನೋಡಿ, ಏನೂ ಕೇಳದೆ ಎರಡೂ ಕದಗಳನ್ನು ಅಗಲ ಮಾಡಿ ಪಕ್ಕಕ್ಕೆ ನಿಂತ. ಹಾಡು ಬಂಡೆಗೆ ತಾಗಿತು. ನಾನು ನಮ್ಮ ಊರಿನಲ್ಲಿ ಬೇಕಾದಷ್ಟು ಮಾತು ಮರಳುವುದನ್ನು ಕೇಳಿದ್ದೇನೆ. ಮೌನ ಮರಳಿ ಬಂದದ್ದನ್ನು ಕೇಳಿದ್ದು ಅಂದೇ. ಒಂದು ಕೆಮ್ಮಿಲ್ಲ, ಬಳೆಯ ಸದ್ದಿಲ್ಲ. ನಿನ್ನೆ ಒಳಗೆ ಕುಳಿತ ಅಷ್ಟೂ ಜನ ಸುಮ್ಮನಿದ್ದದ್ದು ಒಂದಿಷ್ಟೂ ಸೋರದೆ ಹೊರಗೆ ಬಂತು. ಅದನ್ನು ಮಾಡಿದವರು ನಾವು ಎಂದು ನನ್ನ ಪಕ್ಕದಲ್ಲಿ ನಿಂತಿದ್ದ ಪ್ರತಿ ಮುಖದಲ್ಲೂ ಬರೆದಿತ್ತು. ನನ್ನ ಮುಖದಲ್ಲೂ ಇದ್ದಿರಬೇಕು.

ದನಿ ಏರಿ, ಮುಗಿಯಿತು. ದಾಕ್ಷಾಯಣಕ್ಕ ರಸ್ತೆಯ ನಡುವೆಯೇ ನಿಂತು ಕೇಳಿದರು. “ಇದು ನಿಂದೇನಾ?”

“ನಂದು” ಎಂದಳು ಶಾಂಭವಿ. ಹೇಳಿ ಕಣ್ಣೊರೆಸಿಕೊಂಡಳು.

ರೂಢಿಯ ಮೇಲೆ ಅಕ್ಕನ ಬಾಯಿಂದ ಮುಂದಿನ ಮಾತೂ ಬಂದುಬಿಟ್ಟಿತು. “ಬೇಕು ಅನ್ನೋರು ಯಾರಿದ್ದೀರಿ?” ಕೇಳಿದ ಮೇಲೆ ಕಂಪನಿಯವರು ಯಾರೂ ಇಲ್ಲವೆಂದು ನೆನಪಾಯಿತು. ಕಾಮತ್ ಬೆಳಗಿನ ಬಸ್ಸಿಗೆ ಹೋಗಿದ್ದರು.

“ನಂಗೆ ಬೇಕು” ಎಂದ ಇಮಾಮ್‌ಸಾಬ, ಆಟೋಗೆ ಒರಗಿ ನಿಂತಲ್ಲಿಂದಲೇ. “ಆದ್ರೆ ಕೊಡಕ್ಕೆ ನನ್ ಹತ್ರ ಏನೈತಕ್ಕಾ?”

“ಬಾಯಿ ಮುಚ್ಕೊಂಡು ನಿಂತಿದ್ಯಲ್ಲ, ಅದೇ ದೊಡ್ಡದು ನಿಂದು” ಎಂದರು ಅಕ್ಕ. ರಸ್ತೆ ನಕ್ಕಿತು.

“ಬರೋ ವರ್ಷ ಎಲ್ಲಿ ಮತ್ತೆ?” ಎಂದು ಮುರಿಗೆಪ್ಪ ಕೇಳಿದರು.

“ಇಲ್ಲೇ.”

“ರಸ್ತೇಲಾ? ಬೋರ್ಡ್ ಏನ್ ಹಾಕ್ತೀಯ?”

“ಬೋರ್ಡ್ ಯಾಕೆ? ಬರೋರಿಗೆ ಜಾಗ ಗೊತ್ತಲ್ಲ.”

“ಇದು ಬಸ್ ಹೋಗೋ ರಸ್ತೆ ಅಕ್ಕಾ. ಲಾರಿ, ಟ್ರಾಕ್ಟರ್, ಇವ್ನ ಆಟೋ. ಹಾರನ್ ಹೊಡೀಬೇಡಿ ಅಂತ ಯಾರು ಹೇಳ್ತಾರೆ?”

ಅಕ್ಕ ನೆರೆದವರನ್ನು ಒಮ್ಮೆ ನೋಡಿದರು, ಅಷ್ಟೇ.

ಮರುವರ್ಷ ಸಮ್ಮೇಳನದ ದಿನ ಶಾಂಭವಿಯ ಜೊತೆಗೆ ಇನ್ನೂ ಕೆಲವರು ಆ ರಸ್ತೆಯಲ್ಲಿ ನಿಂತು ಹಾಡಿದರು. ಪ್ರಮೋದ್ ಕಾಮತ್ ಬಂದಿದ್ದರು, ಕೈಯಲ್ಲಿ ಚೀಲವಿರಲಿಲ್ಲ. ಯಾವ ಕಂಪನಿಯೂ ಬಂದಿರಲಿಲ್ಲ. ಬಸ್ಸುಗಳು ಊರ ಹೊರಗೆ ನಿಂತು, ಜನರನ್ನು ಅಲ್ಲೇ ಇಳಿಸಿದವು. ಹಾಡು ನಡೆಯುವಷ್ಟು ಹೊತ್ತೂ ಆ ರಸ್ತೆಯಲ್ಲಿ ಒಂದು ಹಾರನ್ನೂ ಕೇಳಲಿಲ್ಲ. ಎರಡನೇ ದಿನವೂ ನಾನು ಅಲ್ಲೇ ನಿಂತು ಕಿವಿಗೊಟ್ಟೆ. ಆಗಲೂ ಕೇಳಲಿಲ್ಲ. ಹಾಗಾಗಿ ಇದನ್ನು ಖಚಿತವಾಗಿ ಬರೆಯುತ್ತಿದ್ದೇನೆ.